ತುಟಿಯ ಮೇಲಿನ ಚುಕ್ಕೆಗಳು

ನನ್ನ ತುಟಿಯ ಮೇಲೆ ಮೆಣಸಿನ ಪುಡಿ ಉದುರಿದಂತೆ ಕಪ್ಪು ಚುಕ್ಕೆಗಳಿವೆ. ತಂಗಿಗೂ ಇವೆ. ದೇವರೇ ಇಟ್ಟು ಕಳಿಸಿದ ದೃಷ್ಟಿಬೊಟ್ಟು ಎಂದು ಅವ್ವ ಹೇಳಿಕೊಂಡು ತಿರುಗುತ್ತಿದ್ದಳು. ಎಸ್ಟೇಟಿನ ಕೂಲಿಗಳ ಲೈನ್‌ಮನೆಯ ಮಕ್ಕಳ ಮೇಲೆ ಯಾರ ದೃಷ್ಟಿ ಬೀಳುತ್ತಿತ್ತೋ, ಅವಳಿಗೇ ಗೊತ್ತು.

ಒಮ್ಮೆ ಎಸ್ಟೇಟಿನಲ್ಲಿ ಕಾಫಿ ಚೀಲ ಹೊರುವಾಗ ಎಚ್ಚರ ತಪ್ಪಿ ಬಿದ್ದೆ. ಮಂಗಳೂರಿನಲ್ಲಿ ಎದೆ ಕೊಯ್ದು ಹೃದಯದೊಳಗಿಂದ ಲೋಳೆಯಂಥ ಗಡ್ಡೆ ತೆಗೆದರು. ಡಾಕ್ಟರು ನನ್ನ ತುಟಿ ನೋಡಿ ವಿವರಿಸಿದರು. ಜೀವಕೋಶದಲ್ಲಿ ದುಡಿಯುವ ಕಿಣ್ವವೊಂದಿದೆ, ಅದನ್ನು ಹಿಡಿದು ನಿಲ್ಲಿಸುವ ಭಾಗವೊಂದಿದೆ, ಆ ಭಾಗವನ್ನು ಮಾಡಿಸುವ ಜೀನ್ ನನ್ನಲ್ಲಿ ಹುಟ್ಟಿನಿಂದಲೇ ಕೆಟ್ಟಿದೆಯಂತೆ. ತುಟಿಯ ಚುಕ್ಕೆಗೂ ಎದೆಯ ಗಡ್ಡೆಗೂ ಅದೇ ಕಾರಣವಂತೆ. ಏಳನೇ ಕ್ಲಾಸಿಗೇ ಓದು ಬಿಟ್ಟ ನನಗೆ ತಿಳಿದದ್ದು ಇಷ್ಟು: ನಮ್ಮ ಎಸ್ಟೇಟಿನಲ್ಲಿ ಆಳುಗಳ ಮೇಲೆ ನಿಗಾ ಇಡುವ ರೈಟರ್ ಇಲ್ಲದ ದಿನ ಯಾರೂ ಕೆಲಸ ಮಾಡುವುದಿಲ್ಲ, ನನ್ನ ಮೈಯೊಳಗೆ ಮಾತ್ರ ಮೇಲೆ ಯಾರೂ ಇಲ್ಲದೆ ದುಡಿದೇ ದುಡಿಯುತ್ತಿದ್ದರು.

"ಒಡಹುಟ್ಟಿದವರಿಗೂ ಇರಬಹುದು. ಬೇಗ ಸ್ಕ್ಯಾನ್ ಮಾಡಿಸಿ."

"ಆಯ್ತು ಸಾರ್."

ಆ ತಿಂಗಳೇ ತಂಗಿಯನ್ನು ನೋಡಲು ಹೆಗ್ಗದ್ದೆಯಿಂದ ಗಂಡಿನವರು ಬರುವುದಿತ್ತು. ಹೃದಯದ ಕಾಯಿಲೆ ಎಂದರೆ ಕಾಫಿ ಲೋಟ ಮುಟ್ಟದೆ ಎದ್ದು ಹೋದಾರೆಂದು, ಆಗಿದ್ದು ಗ್ಯಾಸ್ಟ್ರಿಕ್ ಆಪರೇಷನ್ ಎಂದು ಸಾರಿದೆ. ಗಂಡಿನ ದೊಡ್ಡಪ್ಪ ನನ್ನ ಕತ್ತಿನ ಕೆಳಗಿನ ಹೊಲಿಗೆ ನೋಡಿದರು.

"ಗ್ಯಾಸು ಅಷ್ಟು ಮೇಲಕ್ಕೆ ಹತ್ತಿತ್ತೇನೋ ಮಾರಾಯ?"

"ಗಂಟಲಿಗೇ ಬಂದ್ಬುಟ್ಟಿತ್ತು ಕಣಣ್ಣ."

ಎಲ್ಲರೂ ನಕ್ಕರು. ಮದುವೆ ನಡೆಯಿತು.

ಆಮೇಲೆ ಹೇಳೋಣ ಎಂದುಕೊಂಡೆ. ಮಗು ಹುಟ್ಟಲಿ, ಬಾಣಂತನ ಮುಗಿಯಲಿ, ಈ ಸಲದ ಕಾಫಿ ಕೊಯ್ಲು ಮುಗಿಯಲಿ. ನನ್ನ ಹೃದಯವನ್ನು ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ತೋರಿಸಿಕೊಂಡು ಬಂದೆ. ಡಾಕ್ಟರು ತಂಗಿಯ ಸ್ಕ್ಯಾನಿನ ವಿಷಯ ಕೇಳಿದಾಗಲೆಲ್ಲ "ಏನೂ ಇಲ್ವಂತೆ ಸಾರ್" ಎಂದೆ.

ಕಣದಲ್ಲಿ ಕಾಫಿ ಒಣಹಾಕುತ್ತಿದ್ದ ತಂಗಿ ಒಂದು ದಿನ ಕುಸಿದಳು. ಅವಳ ಹೃದಯದಲ್ಲೂ ಬೆಳೆದಿದ್ದ ಗಡ್ಡೆಯ ಚೂರು ಮಿದುಳಿಗೆ ಹೋಗಿತ್ತು. ಆಪರೇಷನ್ ಆಗಿ ಬದುಕಿದಳು, ಎಡಗೈ ಏಳಲಿಲ್ಲ. ವಾರ್ಡಿನಲ್ಲಿ ಅವಳ ಮಂಚದ ಪಕ್ಕ ಕೂತು ಎಲ್ಲ ಹೇಳಿಬಿಟ್ಟೆ.

"ಮದುವೆಗೆ ಮುಂಚೆನೇ ಗೊತ್ತಿತ್ತಾ?"

"ನಿನ್ನ ಸಂಸಾರ ಆಗ್ಲಿ ಅಂತ..."

"ಆಯ್ತಲ್ಲ ಕಣಣ್ಣ. ಮಾಡೋಕೆ ಒಂದೇ ಕೈ ಐತೆ, ಅಷ್ಟೆ."

ಅವಳ ಮಗಳಿಗೆ ನಾಲ್ಕು ವರ್ಷ. ಆ ತುಟಿಯಲ್ಲೂ ಚುಕ್ಕೆ ಮೂಡುತ್ತಿವೆ.

"ಹೆಣ್ಣುಮಗು, ಊರಿಗೆ ಗೊತ್ತಾಗೋದು ಬ್ಯಾಡ. ನಾನೇ ಸದ್ದಿಲ್ಲದೆ ಕರ್ಕೊಂಡು ಹೋಗಿ ತೋರಿಸ್ತೀನಿ," ಎಂದೆ. ಅಷ್ಟಾದ ಮೇಲೂ ನನ್ನ ಬಾಯಲ್ಲಿ ಬಂದದ್ದು ಇದೇ.

ತಂಗಿ ಬಾಗಿಲಲ್ಲಿ ನಿಂತಿದ್ದ ಗಂಡನನ್ನು ಕೂಗಿ, ಮಗುವಿನ ಹೃದಯದ ಸ್ಕ್ಯಾನಿಗೆ ಇವತ್ತೇ ಚೀಟಿ ಬರೆಸಿಕೊಂಡು ಬಾ ಎಂದಳು. ಇಡೀ ವಾರ್ಡು ತಿರುಗಿ ನೋಡುವಷ್ಟು ಗಟ್ಟಿಯಾಗಿ.