ಉಡುಪಿಗೆ ಹೋಗಿ ನಿದ್ದೆ ಮಾಡಿದ್ದು

ಕೆಲಸ ಬಿಡಬೇಕೆಂದು ನನಗೆ ಅನ್ನಿಸಿದ್ದು ಒಂದು ಲಸಿಕೆಯ ದಿನ. ಅಂಗನವಾಡಿಯ ಜಗುಲಿಯಲ್ಲಿ ಲಸಿಕೆ ಡಬ್ಬ ಇಟ್ಟುಕೊಂಡು ಕೂತಿದ್ದೆ. ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಒಬ್ಬೊಬ್ಬರಾಗಿ ಬರುತ್ತಿದ್ದರು. ಅವರಲ್ಲೊಬ್ಬಳು ತನ್ನ ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿ, "ನರ್ಸಮ್ಮ, ನಾನು ಉಟ್ದಾಗ ನಮ್ಮವ್ವಂಗೆ ಎರ್ಗೆ ಮಾಡ್ಸಿದ್ದೂ ನೀವೇಯಂತೆ. ಈಗ ನನ್ ಕೂಸ್ಗೂ ನೀವೇ ಸೂಜಿ ಆಕ್ತಿದ್ದೀರಿ ನೋಡಿ" ಎಂದು ನಕ್ಕಳು.

ಹಿಂದೆ ಇಂಥ ಒಂದು ಮಾತು ಕಿವಿಗೆ ಬಿದ್ದರೆ ನನಗೆ ಇಡೀ ದಿನ ಸಾಕಾಗುತ್ತಿತ್ತು. ಮನೆಗೆ ಹೋಗಿ ಯಜಮಾನರಿಗೆ ಹೇಳುವವರೆಗೂ ಸಮಾಧಾನವಿರುತ್ತಿರಲಿಲ್ಲ. ಅವತ್ತು ಏನೂ ಅನ್ನಿಸಲಿಲ್ಲ. ನಗಬೇಕಲ್ಲ ಅಂತ ನಕ್ಕೆ. ಸೂಜಿ ಹಾಕಿದೆ, ಕೂಸು ಅತ್ತಿತು, ಮುಂದಿನವಳನ್ನು ಕರೆದೆ. ಸಂಜೆ ಬಸ್ಸಿಗೆ ಕಾಯುತ್ತಾ ನಿಂತಾಗ ಆ ಹುಡುಗಿಯ ಮುಖ ನೆನಪಿಗೆ ಬಂತು. ಅವಳು ಎಷ್ಟು ಖುಷಿಯಿಂದ ಹೇಳಿದಳು, ನನ್ನೊಳಗೆ ಯಾಕೆ ಏನೂ ಅಲುಗಾಡಲಿಲ್ಲ ಅನ್ನಿಸಿ ಭಯವಾಯಿತು.

ನಾನು ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಆರೋಗ್ಯ ಇಲಾಖೆಯ ನರ್ಸ್ ಆಗಿದ್ದೆ. ಆಸ್ಪತ್ರೆಯೊಳಗಿನ ನರ್ಸ್ ಅಲ್ಲ. ಹಳ್ಳಿಗಳ ಮೇಲೆ ಹೋಗುವವಳು. ಬಸುರಿಯರ ಮನೆಗೆ ಹೋಗುವುದು, ಬಾಣಂತಿಯರನ್ನು ನೋಡುವುದು, ಮಕ್ಕಳಿಗೆ ಲಸಿಕೆ ಹಾಕುವುದು, ಮಕ್ಕಳಾಗದ ಆಪರೇಷನ್ನಿಗೆ ಒಪ್ಪದವರನ್ನು ಒಪ್ಪಿಸುವುದು. ಮದುವೆಗೆ ಮುಂಚೆ ಸೇರಿದ ಕೆಲಸ. ಹೆಮ್ಮಿಗೆಗೆ ಸೊಸೆಯಾಗಿ ಬಂದ ಮೇಲೂ, ಮಗಳು ಹುಟ್ಟಿದ ಮೇಲೂ, ಅವಳು ಮೈಸೂರಿಗೆ ಮದುವೆಯಾಗಿ ಹೋದ ಮೇಲೂ ಅದೇ ಕೆಲಸ. ಕೊರೊನಾ ಬಂದಾಗ ಹಗಲು ರಾತ್ರಿ ಅನ್ನದೆ ಓಡಾಡಿದೆವು. ಆಗ ಹತ್ತಿದ ಸುಸ್ತು ಆಮೇಲೆ ಮೈಬಿಟ್ಟು ಇಳಿಯಲೇ ಇಲ್ಲ. ಅದರ ಮೇಲೆ ಟ್ಯಾಬ್ ಬಂತು. ದಿನವೆಲ್ಲ ನಡೆದು ಬಂದು, ನೋಡಿದ್ದನ್ನೆಲ್ಲ ಅದರಲ್ಲಿ ಎಂಟ್ರಿ ಮಾಡಬೇಕು. ನೆಟ್‌ವರ್ಕ್ ಸಿಗದಿದ್ದರೆ ಮಹಡಿ ಹತ್ತಿ ಕೈ ಮೇಲೆತ್ತಿ ನಿಲ್ಲಬೇಕು.

ಮನೆಯಲ್ಲಿ ಹೇಳಿದಾಗ ಯಜಮಾನರು ಹಸುವಿಗೆ ಬೂಸಾ ಕಲೆಸುತ್ತಿದ್ದರು. ಬೇಸಾಯದವರು, ಮಾತು ಕಡಿಮೆ.

"ಬುಡ್ಬೇಕು ಅನ್ಸುದ್ರೆ ಬುಡು," ಅಂದರು. "ಬುಟ್ಟು ಏನ್ ಮಾಡೀಯೆ?"

"ಎಲ್ಲಿಗಾದ್ರೂ ಹೋಗ್ಬೇಕು ರೀ. ಊರು ನೋಡ್ಬೇಕು."

"ನಾನ್ ಬರಕಾಯ್ತದಾ? ಇವುಕ್ಕೆ ಹಾಲು ಕರಿಯೋರ್ ಯಾರು?"

ಅವರು ಬರುವುದಿಲ್ಲವೆಂದು ನನಗೂ ಗೊತ್ತಿತ್ತು. ಮದುವೆಯಾದಾಗಿನಿಂದ ಅವರು ಒಂದು ರಾತ್ರಿಗಿಂತ ಹೆಚ್ಚು ಕೊಟ್ಟಿಗೆ ಬಿಟ್ಟು ಎಲ್ಲೂ ಉಳಿದವರಲ್ಲ.

ಸ್ವಯಂ ನಿವೃತ್ತಿಗೆ ಅರ್ಜಿ ಕೊಟ್ಟೆ. ನಮ್ಮ ಡಾಕ್ಟರಮ್ಮ ನನ್ನ ಮಗಳಿಗಿಂತ ಚಿಕ್ಕವರು. "ಇನ್ನು ಸ್ವಲ್ಪ ವರ್ಷ ಅಲ್ವಾ ಸಿಸ್ಟರ್, ಯಾಕೆ ಅವಸರ? ಬೇಕಾದ್ರೆ ರಜ ಹಾಕಿ" ಅಂದರು. ರಜ ಹಾಕಿದರೆ ಫೋನು ಬಿಡುವುದಿಲ್ಲ ಎಂದೆ. ಅವರು ನಕ್ಕರು, ಯಾಕೆಂದರೆ ರಜದಲ್ಲಿದ್ದಾಗ ಫೋನ್ ಮಾಡುವವರಲ್ಲಿ ಅವರೂ ಒಬ್ಬರು. ಕೊನೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಆಶಾ ಕಾರ್ಯಕರ್ತೆಯರು ಅತ್ತರು. ನನಗೆ ಅಳುವುದಕ್ಕೂ ಶಕ್ತಿ ಇರಲಿಲ್ಲ. ಯಾವಾಗ ಮುಗಿಯುತ್ತದೋ, ಯಾವಾಗ ಹೋಗಿ ಮಲಗುತ್ತೇನೋ ಎಂದು ಕಾಯುತ್ತಾ ಕೂತಿದ್ದೆ.

ಆದರೆ ಮನೆಯಲ್ಲಿ ಮಲಗಲು ಆಗಲಿಲ್ಲ. ಬಾಗಿಲಿಗೇ ಜನ ಬರುತ್ತಿದ್ದರು. ಕೂಸು ಹಾಲು ಕುಡಿಯುತ್ತಿಲ್ಲ, ಮಾತ್ರೆ ಯಾವುದು ಮೊದಲು, ಸ್ಕ್ಯಾನಿಂಗಿಗೆ ನರಸೀಪುರವೋ ಮೈಸೂರೋ. ಹೊಸ ನರ್ಸ್ ಬಂದಿದ್ದಾರೆ, ಅವರನ್ನು ಕೇಳಿ ಎಂದರೆ, "ಅವ್ರು ಇನ್ನೂ ಒಸುಬ್ರು ಕಣವ್ವ, ನೀವೇ ಯೋಳ್ಬುಡಿ" ಅನ್ನುವರು. ಕೆಲಸ ಬಿಟ್ಟಿದ್ದೆ, ಕೆಲಸ ನನ್ನನ್ನು ಬಿಟ್ಟಿರಲಿಲ್ಲ.

ನನ್ನನ್ನು ಎಬ್ಬಿಸಿ ಹೊರಡಿಸಿದವಳು ನಾದಿನಿ. ಹುಲ್ಲಹಳ್ಳಿಗೆ ಕೊಟ್ಟಿದ್ದಾರೆ. ಗಂಡನಿಗೆ ಹಿಟ್ಟಿನ ಗಿರಣಿ, ಅವಳು ಪಕ್ಕದಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಬಾಯಿ ಜೋರು, ಕಾಲು ಅದಕ್ಕಿಂತ ಜೋರು. ನಂಜನಗೂಡಿಗೆ ಕರೆಸಿಕೊಂಡು, ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ನನ್ನ ಮುಂದೆ ದೋಸೆ ಇಟ್ಟು, "ಅತ್ಗೆ, ಸಮುದ್ರ ನೋಡಿದ್ದೀಯಾ?" ಅಂದಳು.

"ಟೀವೀಲಿ."

"ನಾನೂ ಅಷ್ಟೇಯ. ಉಡುಪಿಗೆ ಓಗವಾ ನಡಿ. ದೇವ್ರುನ್ನೂ ನೋಡ್ದಂಗಾಯ್ತದೆ, ಸಮುದ್ರನೂ ನೋಡ್ದಂಗಾಯ್ತದೆ."

ಮುಂದಿನ ವಾರವೇ ಹೊರಟೆವು. ಮೈಸೂರಿನಿಂದ ಬೆಳಗಿನ ಬಸ್ಸು. ಮಡಿಕೇರಿ ಘಟ್ಟ ನೋಡಬೇಕೆಂದು ಕಿಟಕಿ ಪಕ್ಕದ ಸೀಟು ಹಿಡಿದಿದ್ದೆ. ಹುಣಸೂರು ದಾಟಿದ್ದು ನೆನಪಿದೆ, ಅಷ್ಟೆ. ಕಣ್ಣು ಬಿಟ್ಟಾಗ ಬಸ್ಸು ಮಂಗಳೂರಿನ ಹತ್ತಿರ ಇತ್ತು. ಸೆಕೆಗೆ ಸೀರೆ ಬೆನ್ನಿಗೆ ಅಂಟಿತ್ತು. ನಾದಿನಿಯ ಭುಜ ನನ್ನ ತಲೆಯ ಭಾರಕ್ಕೆ ಜೋಮು ಹಿಡಿದಿತ್ತು.

ಉಡುಪಿಯಲ್ಲಿ ಲಾಡ್ಜ್ ಸೇರಿದೆವು. ರಾತ್ರಿ ಊಟ ಮಾಡಿ ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ನಾದಿನಿ ಸ್ನಾನ ಮಾಡಿ, ಹೂವು ಮುಡಿದು, ನನ್ನನ್ನು ಅಲುಗಾಡಿಸಿದಳು. "ಏಳು ಅತ್ಗೆ, ಪೂಜೆಗೆ ಒತ್ತಾಯ್ತದೆ." ಎದ್ದು ಕೂತೆ. ಕಾಲು ನೆಲಕ್ಕೆ ಇಟ್ಟರೆ ಮೈಯೆಲ್ಲ ನೀರು ತುಂಬಿದ ಮೂಟೆಯ ಹಾಗೆ. ಮತ್ತೆ ಬಿದ್ದುಕೊಂಡೆ. ಅವಳು ಹಣೆ ಮುಟ್ಟಿ ನೋಡಿದಳು, ಜ್ವರ ಇರಲಿಲ್ಲ. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಅವಳೇ ಎತ್ತಿದಳು.

"ಯಾರು? ನರ್ಸಮ್ಮನಾ? ನರ್ಸಮ್ಮ ಸಮುದ್ರಕ್ ಓಗವ್ರೆ. ಯಾವಾಗ್ ಬತ್ತಾರೋ ಗೊತ್ತಿಲ್ಲ. ಒಸಾ ನರ್ಸ್‌ನ ಕೇಳಿ."

ಫೋನನ್ನು ತನ್ನ ಬ್ಯಾಗಿಗೆ ಹಾಕಿಕೊಂಡು, ಬಾಗಿಲು ಎಳೆದುಕೊಂಡು ಹೋದಳು.

ಆ ದಿನವೆಲ್ಲ ಮಲಗಿದ್ದೆ. ಮರುದಿನವೂ. ನಡುನಡುವೆ ಅವಳು ಬಂದು ಇಡ್ಲಿಯನ್ನೋ ಅನ್ನ ಸಾರನ್ನೋ ತಿನ್ನಿಸಿ ಹೋಗುತ್ತಿದ್ದಳು. ಮಠ ನೋಡಿಬಂದಳು, ಮಲ್ಪೆ ನೋಡಿಬಂದಳು, ದೋಣಿ ಹತ್ತಿ ದ್ವೀಪಕ್ಕೂ ಹೋಗಿಬಂದಳು. ಹಾಸಿಗೆಯ ತುದಿಯಲ್ಲಿ ಕೂತು ಎಲ್ಲ ಹೇಳುತ್ತಿದ್ದಳು. ಅವಳು ಹೇಳುತ್ತಿದ್ದ ಹಾಗೆಯೇ ನನಗೆ ಕಣ್ಣು ಮುಚ್ಚಿಹೋಗುತ್ತಿತ್ತು. ಅಷ್ಟು ದೂರ ಕರೆದುಕೊಂಡು ಬಂದವಳಿಗೆ ಬೇಜಾರಾಗಿರಬೇಕು ಅನ್ನಿಸಿ, "ನಿನ್ನ ಟ್ರಿಪ್ಪು ಕೆಡಿಸಿಬಿಟ್ಟೆ ಕಣೇ" ಎಂದೆ.

"ನಾನ್ ಒಬ್ಳೇ ದೋಣಿ ಅತ್ತಿದ್ದು ಜೀವ್ಮಾನದಲ್ಲಿ ಇದೇ ಮೊದ್ಲು," ಅಂದಳು. "ನಂಗೇನ್ ಕೆಟ್ಟಿಲ್ಲ. ನೀನ್ ಮನಿಕ್ಕೊ."

ಸಂಜೆ ಯಜಮಾನರ ಫೋನು ಬಂತು, ನಾದಿನಿ ನನ್ನ ಕೈಗೆ ಕೊಟ್ಟಳು. ಏನೇನು ನೋಡಿದೆ ಎಂದು ಕೇಳಿದರು.

"ಏನೂ ನೋಡಿಲ್ಲ ರೀ. ನಿದ್ದೆ ಮಾಡ್ದೆ."

ಅತ್ತ ಕಡೆ ಒಂದು ಹಸು ಕೂಗಿದ್ದು ಕೇಳಿಸಿತು. ಅವರು, "ಆಗ್ಲಿ, ಮಾಡು. ಇಲ್ಲಿ ನಿಂಗೆ ಯಾರು ಮಾಡಕ್ ಬುಟ್ರು" ಅಂದರು. ಅಷ್ಟು ವರ್ಷ ನನ್ನ ಸುಸ್ತಿನ ಬಗ್ಗೆ ಅವರು ಒಂದು ಮಾತೂ ಆಡಿದವರಲ್ಲ. ನೋಡುತ್ತಿರಲಿಲ್ಲ ಅಂದುಕೊಂಡಿದ್ದೆ. ಫೋನ್ ಇಟ್ಟ ಮೇಲೆ, ಬೀಳ್ಕೊಡುಗೆಯ ದಿನ ಬಾರದಿದ್ದ ಅಳು ಬಂತು. ನಾದಿನಿ ನನ್ನ ತಲೆ ಸವರುತ್ತಾ ಕೂತಳು.

ಹೊರಡುವ ದಿನ ಮಧ್ಯಾಹ್ನ ಮಲ್ಪೆಗೆ ಹೋದೆವು. ಬಿಸಿಲು, ಮೀನಿನ ವಾಸನೆ. ಸಮುದ್ರ ನಾನು ಅಂದುಕೊಂಡದ್ದಕ್ಕಿಂತ ಗಲಾಟೆಯದು. ನಾದಿನಿ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ನಾನು ಒದ್ದೆ ಮರಳಿನ ಮೇಲೆ ಕಾಲು ಚಾಚಿ ಕೂತೆ. ಅಲೆ ಬಂದು ಸೊಂಟದವರೆಗೆ ನೆನೆಸಿತು. ಏಳಬೇಕು ಅನ್ನಿಸಲಿಲ್ಲ. ಸುತ್ತ ಎಷ್ಟೋ ಜನ, ಎಷ್ಟೋ ಕೂಸುಗಳು. ಒಬ್ಬಳು ಬಸುರಿ ಮರಳಿನಲ್ಲಿ ನಿಧಾನವಾಗಿ ನಡೆದು ಹೋದಳು. ಅವಳಿಗೆ ಎಷ್ಟು ತಿಂಗಳಿರಬಹುದು ಎಂದು ಲೆಕ್ಕ ಹಾಕಲು ಶುರುಮಾಡಿ, ಅರ್ಧಕ್ಕೇ ಬಿಟ್ಟೆ.

ಊರಿಗೆ ಬಂದ ಮೇಲೆ ಸುಸ್ತು ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಇವತ್ತಿಗೂ ಇದೆ. ಈಗ ಅದನ್ನೂ ಜೊತೆಗೆ ಕಟ್ಟಿಕೊಂಡೇ ಹೋಗುತ್ತೇನೆ. ಒಂದು ಊರಿಗೆ ಹೋದರೆ ಮೊದಲನೆಯ ದಿನ ನಿದ್ದೆಗೆ, ಆಮೇಲೆ ಊರಿಗೆ. ಬಾಗಿಲಿಗೆ ಬರುವ ಜನ ಕಡಿಮೆಯಾಗಿದ್ದಾರೆ. ಹೊಸ ನರ್ಸ್ ಎಲ್ಲರಿಗೂ ಅಭ್ಯಾಸವಾಗಿದ್ದಾಳೆ. ಒಂದೆರಡು ಸಲ ಅದಕ್ಕೂ ಸಂಕಟವಾಯಿತು, ಒಪ್ಪಿಕೊಳ್ಳುತ್ತೇನೆ.

ಮೊನ್ನೆ ಬಾದಾಮಿಗೆ ಒಬ್ಬಳೇ ಹೋಗಿದ್ದೆ. ಮದುವೆ ಕಾಲ, ನಾದಿನಿಗೆ ಕೈತುಂಬಾ ರವಿಕೆ ಹೊಲಿಗೆ. ಗುಹೆಗಳ ಮೆಟ್ಟಿಲು ಅರ್ಧ ಹತ್ತಿ, ಏದುಸಿರು ಬಿಡುತ್ತಾ ಕೂತು, ಇನ್ನರ್ಧ ನಾಳೆಗೆ ಎಂದು ಇಳಿದೆ. ಪಕ್ಕದ ಬನಶಂಕರಿ ಗುಡಿಯ ಹತ್ತಿರ ಬುಟ್ಟಿ ಹೊತ್ತು ರೊಟ್ಟಿ ಮಾರುವ ಹೆಂಗಸೊಬ್ಬಳು ಮರದ ಕೆಳಗೆ ಕೂರಿಸಿ ರೊಟ್ಟಿ, ಪಲ್ಯ, ಮೊಸರು ಬಡಿಸಿದಳು. ಖಾರದ ಚಟ್ನಿಗೆ ನನ್ನ ಕಣ್ಣಲ್ಲಿ ನೀರು.

"ಯಾವೂರ್ರಿ ನಿಮ್ದು?"

"ಮೈಸೂರು ಕಡೆ. ನರಸೀಪುರದ ಹತ್ರ."

"ಒಬ್ಬಾಕೀನ ಬಂದೀರೇನ್ರಿ? ಏನ್ ಕೆಲ್ಸ ಮಾಡ್ತೀರಿ?"

ಬಾಯಿಗೆ ನರ್ಸ್ ಎಂಬ ಮಾತೇ ಬಂದಿತ್ತು. ತಡೆದು, "ಏನೂ ಮಾಡಲ್ಲಮ್ಮ" ಅಂದೆ.

"ಹಂಗಾರ ಅವಸರಿಲ್ಲ ಬಿಡ್ರಿ. ಇನ್ನೊಂದು ರೊಟ್ಟಿ ತಿನ್ರಿ," ಎಂದು ಎಲೆಗೆ ಹಾಕಿದಳು.

ತಿಂದೆ. ಆಮೇಲೆ ಗುಡಿಯ ಹೊಂಡದ ಕಟ್ಟೆಯ ನೆರಳಿನಲ್ಲಿ ಕೂತು, ಬಂದ ಒಂದು ಬಸ್ಸನ್ನು ಹಾಗೇ ಹೋಗಲು ಬಿಟ್ಟೆ.