ಜನಗಣತಿಯಲ್ಲಿ ಕಾಣದ ಹುಡುಗಿ

ನನ್ನ ಗಂಡ ವೇಲ್ಸ್‌ನವರು. ಬಹರೈನಿನ ಗುದೈಬಿಯಾದ ನಮ್ಮ ಫ್ಲ್ಯಾಟಿನಲ್ಲಿ ಕೂತು, ಹತ್ತೊಂಬತ್ತನೇ ಶತಮಾನದ ಜನಗಣತಿಯಲ್ಲಿ ತಮ್ಮ ರೈತ ಹಿರಿಯರನ್ನು ಹುಡುಕುತ್ತಿದ್ದರು. ಒಂದು ಗಣತಿಯಲ್ಲಿ ಎರಡು ವರ್ಷದ ಹುಡುಗಿಯೊಬ್ಬಳಿದ್ದಳು. ಮುಂದಿನದರಲ್ಲಿ ಅವಳ ತಮ್ಮಂದಿರು ಮಾತ್ರ. ತೀರಿಕೊಂಡಿರಬೇಕು ಎಂದು ಇವರು ಊಟಕ್ಕೂ ಏಳಲಿಲ್ಲ. ಕರಿದ ಬಂಗುಡೆ ತಣ್ಣಗಾಗುತ್ತಿತ್ತು, ನನಗೆ ರೇಗಿತು.

"ಅಜ್ಜಿ ಮನೆಯಲ್ಲಿ ನೋಡಿದ್ರಾ ಮಾರಾಯ್ರೆ?"

ಹುಡುಗಿಯ ತಾಯಿಯ ತವರೂರಿನ ಪುಟ ತೆರೆದರು. ಅಲ್ಲಿದ್ದಳು: ಮೊಮ್ಮಗಳು, ಹನ್ನೆರಡು ವರ್ಷ. ಇವರು ಕಣ್ಣೊರೆಸಿಕೊಂಡು ಬಂದು ಮೂರು ಬಂಗುಡೆ ತಿಂದರು.

ತಮ್ಮ ಹುಟ್ಟಿದಾಗ ನನ್ನನ್ನೂ ಅಜ್ಜಿ ಮನೆಗೆ ಕಳಿಸಿದ್ದರು. ಹೆಸರೂ ಅಜ್ಜಿಯ ರೇಷನ್ ಕಾರ್ಡಿಗೆ ಹೋಗಿತ್ತು. ಮುಂದೆ ಯಾರಾದರೂ ಅಪ್ಪನ ಕಾರ್ಡನ್ನಷ್ಟೇ ನೋಡಿ, ನಾನು ಚಿಕ್ಕಂದಿನಲ್ಲೇ ಸತ್ತೆನೆಂದು ಊಟ ಬಿಟ್ಟಾರು.