ಹುಳದ ಮೀನಿನ ಚಾಚಾ

ಮೊನ್ನೆ ಸಾರವಾಡದ ಮದುವೆಯಲ್ಲಿ ಕೈ ತೊಳೆಯಲು ಹೋದಾಗ ಎಂಜಲಿನ ಡ್ರಮ್ಮಿನಿಂದ ಹುಳಿಯೆದ್ದ ಅನ್ನ-ಸಾರಿನ ವಾಸನೆ ಬಂತು. ಎಲ್ಲರೂ ಮೂಗು ಮುಚ್ಚಿಕೊಂಡು ಸರಿದರು. ನಾನು ಅಲ್ಲೇ ನಿಂತೆ. ಕಳ್ಳಕವಟಗಿಯಲ್ಲಿ ನಮ್ಮ ಬಾಜೂ ಹೊಲದ ಚಾಚಾ ನೆನಪಾದರು...

ಅವರು ದಿನವೂ ಅಥಣಿ ರಸ್ತೆಯ ಖಾನಾವಳಿಗಳಿಂದ ಉಳಿದ ಅನ್ನ, ರೊಟ್ಟಿ, ಪಲ್ಯ ತಂದು ಟ್ರೇಗಳಲ್ಲಿ ಕಪ್ಪು ನೊಣದ ಹುಳ ಬೆಳೆಸುತ್ತಿದ್ದರು. ಆ ಹುಳ ಒಣಗಿಸಿ, ಶೇಂಗಾ ಹಿಂಡಿಯೊಂದಿಗೆ ಪುಡಿ ಮಾಡಿದರೆ ಅವರ ಕೃಷಿ ಹೊಂಡದ ಮೀನಿಗೆ ಊಟ. ಬಬಲೇಶ್ವರದ ಸಂತೆಯಲ್ಲಿ ಯಾರೋ ‘ಹುಳ ತಿಂದ ಮೀನು’ ಎಂದು ಗುಲ್ಲೆಬ್ಬಿಸಿದರು. ಚಾಚಾ ತಾವೇ ಅದೇ ಮಾತನ್ನು ಗಟ್ಟಿಯಾಗಿ ಕೂಗಿ ಮೀನು ಮಾರಿದರು.

“ಹೊಳ್ಯಾಗಿನ ಮೀನ ಏನ ಹೋಳಿಗಿ ತಿಂದ ಬೆಳೀತಾವೇನ್ರಿ?”

ಊರು ನಕ್ಕಿತು. ಮೀನಿನ ಹೆಸರೆತ್ತದ ಮನೆಯ ನಾನು ನಗಲಿಲ್ಲ. ನನಗೆ ಅವರ ಹುಳ ಕಂಡರೆ ಹೇಸಿಗೆ.

ಒಂದು ಬೇಸಿಗೆಯಲ್ಲಿ, ಮದುವೆಯೊಂದರ ಎಂಜಲನ್ನು ಅವರು ತೊಳೆಯದೆ ಟ್ರೇಗೆ ಸುರಿದರು. ಅದರ ತುಂಬ ಉಪ್ಪಿನಕಾಯಿ, ಕೆಂಪು ಖಾರದ ಚಟ್ನಿ. ಉಪ್ಪು-ಖಾರ ತಡೆಯದ ಹುಳಗಳು ಟ್ರೇ ಬಿಟ್ಟು, ಬದು ದಾಟಿ, ನಮ್ಮ ಶೆಡ್ಡಿನಲ್ಲಿ ಹರಡಿದ್ದ ಒಣದ್ರಾಕ್ಷಿಗೆ ನುಗ್ಗಿದವು. ಇಡೀ ವರ್ಷದ ಬೆಳೆ ಅದು. ನನ್ನ ಪಿತ್ತ ನೆತ್ತಿಗೇರಿತು. ಹಿರಿಯರನ್ನು ಕೂಡಿಸಿ, ಈ ಹುಳದ ದಂಧೆ ಬಂದ್ ಮಾಡಿಸಿ ಎಂದೆ.

ಚಾಚಾ ತಲೆ ತಗ್ಗಿಸಲಿಲ್ಲ.

“ತಪ್ಪ ನಂದ ಐತಿ. ಒಂದೊಂದ ಹುಳಾನೂ ನಾನ ಆರಿಸಿ ತಗೀತೇನಿ. ಆದ್ರ ಬಂದ್ ಮಾಡಂಗಿಲ್ರಿ. ಆ ಎಂಜಲಾ ನಿಮ್ಮ ಮಗಳ ಮದುವಿದ. ಅನ್ನಾ ಚೆಲ್ಲೂದು ಮದಲ ನೀವು ಬಂದ್ ಮಾಡ್ರಿ.”

ಅಲ್ಲಿ ಕೂತ ಹಿರಿಯರೆಲ್ಲ ಆ ಮದುವೆಯಲ್ಲಿ ಉಂಡವರೇ. ಒಬ್ಬೊಬ್ಬರಾಗಿ ಎದ್ದು ಹೋದರು. ಚಾಚಾ-ಚಾಚಿ ಎರಡು ದಿನ ನಮ್ಮ ಶೆಡ್ಡಿನಲ್ಲಿ ಕೂತು ಹುಳ ಆರಿಸಿದರು. ನಾನು ಒಂದು ಕಪ್ ಚಹಾ ಬೇಕೇ ಎಂದು ಕೂಡ ಕೇಳಲಿಲ್ಲ. ಆಮೇಲೆ ಅವರು ಎಂಜಲನ್ನು ಮೂರು ನೀರಿನಲ್ಲಿ ತೊಳೆಯದೆ ಹಾಕಿದ್ದೇ ಇಲ್ಲ. ಒಂದು ಹುಳವೂ ಮತ್ತೆ ಬದು ದಾಟಲಿಲ್ಲ. ನಾನೂ ದಾಟಲಿಲ್ಲ...

ಹೋದ ವರ್ಷ ಚಾಚಾ ತೀರಿಕೊಂಡರು. ಹುಳ, ಹೊಂಡ ಎರಡನ್ನೂ ಈಗ ಚಾಚಿ ನೋಡಿಕೊಳ್ಳುತ್ತಾರೆ. ನಿನ್ನೆ ಊರಿನ ನಾಲ್ಕು ಜನ ಅರ್ಜಿ ಹಿಡಿದು ನನ್ನ ಮನೆಗೆ ಬಂದರು. ಹೊಂಡ ಮುಚ್ಚಿಸಬೇಕಂತೆ, ಮೊದಲ ಸಹಿ ನನ್ನದೇ ಬೇಕಂತೆ. ಅರ್ಜಿಯನ್ನು ಅವರ ಕೈಗೇ ತುರುಕಿದೆ.

“ಬಂದ್ ಮಾಡಂಗಿಲ್ಲ. ಯಾರ್ ಬರ್ತೀರಿ ಬರ್ರಿ, ನಾ ಇಲ್ಲೇ ಕುಂತಿರ್ತೇನಿ.”

ಅವರು ಹೋದ ಮೇಲೆ ಬಹಳ ಹೊತ್ತು ಬಾಗಿಲಲ್ಲೇ ಕೂತಿದ್ದೆ. ಆ ಮಾತನ್ನು ಚಾಚಾ ಕೇಳುವಂತೆ ಒಮ್ಮೆಯಾದರೂ ಆಡಬೇಕಿತ್ತು.